ಮೂರು ಸಲ ಓದಿದ ಕಥೆ

ಮೌನಪ್ಪ ದೇವದುರ್ಗದಲ್ಲಿ ಶಾಲೆ ಮಾಸ್ತರ. ಅವನ ತಾಯಿ ದುರುಗಮ್ಮ ಮಾನ್ವಿಯಲ್ಲಿ ವಿರೂಪಣ್ಣನ ಅಕ್ಕಿ ಗಿರಣಿಗೆ ಕೂಲಿಗೆ ಹೋಗುತ್ತಿದ್ದಳು. ಸಂಜೆ ಗೇಟು ದಾಟುವ ಮುಂಚೆ ಹೆಂಗಸರು ಸಾಲಾಗಿ ನಿಂತು ಸೀರೆಯ ಉಡಿ ಝಾಡಿಸಿ ತೋರಿಸಬೇಕು. ನಾಲ್ಕು ಕಾಳು ಉದುರಿದರೆ ಮರುದಿನ ಕೆಲಸವಿಲ್ಲ. ಮೌನಪ್ಪ ಅದನ್ನೇ ಕಥೆ ಮಾಡಿದ್ದ. ಊರಿನ ಹೆಸರು, ಧಣಿಯ ಹೆಸರು ಹಾಕಿರಲಿಲ್ಲ.

ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವಾಗಿತ್ತು. ಎಲ್ಲರೂ ಬರೆಯುತ್ತಿದ್ದರು. ರಾಯಚೂರಿನಲ್ಲಿ ಒಂದು ಭಾನುವಾರ ಹೊಸ ಬರಹಗಾರರ ಗೋಷ್ಠಿ ಏರ್ಪಾಡಾಯಿತು. ಪೆಂಡಾಲು, ಊಟ ವಿರೂಪಣ್ಣನದು. ಅವನಿಗೆ ಚುನಾವಣೆಯ ಟಿಕೆಟು ಬೇಕಿತ್ತು. ಆದ್ದರಿಂದ ಅಧ್ಯಕ್ಷತೆಯೂ ಅವನದೇ.

"ಬ್ಯಾರೆ ಕಥಿ ಇಲ್ಲೇನು ನಿನ್ನತ್ರ?" ಎಂದು ಹಿಂದಿನ ದಿನ ದುರುಗಮ್ಮ ಕೇಳಿದ್ದಳು. "ಧಣೇರು ಗುರ್ತು ಹಿಡದ್ರ ಸೋಮಾರದಿಂದ ನಾನು ಮನ್ಯಾಗ."

"ಗುರ್ತು ಹಿಡೀಲಿ ಅಂತನೇ ಬರದೀನಿ, ಯವ್ವಾ."

"ಬರಿಯಾಂವ ನೀನು, ಮನ್ಯಾಗ ಕುಂದ್ರಾಕಿ ನಾನು. ಚಂದ ಅದ ಹಂಚಿಕಿ."

ವಿರೂಪಣ್ಣ ಹೈದರಾಬಾದಿನಲ್ಲಿ ಓದಿದವನು, ಉರ್ದು ಕವಿಗಳ ಮುಷಾಯರಾ ಕೇಳಿ ಬೆಳೆದವನು. ಅಲ್ಲಿ ಮೆಚ್ಚಿದ ಸಾಲನ್ನು 'ಮುಕರ್ರರ್' ಎಂದು ಕೂಗಿ ಮತ್ತೆ ಓದಿಸುತ್ತಾರೆ. ಕಥೆಗೆ ಯಾರೂ ಹಾಗೆ ಕೂಗುವುದಿಲ್ಲ. ಅವನು ಕೂಗಿದ.

ಮೌನಪ್ಪ ಆಗತಾನೆ ಓದಿದ್ದ ಸಾಲು ಇದು: ತುಂಬು ಬಸುರಿಗೆ ಕಾವಲಿನವನು ಎರಡನೇ ಸಲ ಉಡಿ ಝಾಡಿಸೆಂದ, ಧಣಿ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ವಾಹ್! ಮುಕರ್ರರ್!"

ಮೌನಪ್ಪ ಮತ್ತೆ ಓದಿದ. ಪೆಂಡಾಲಿನಲ್ಲಿ ಮಾನ್ವಿಯ ಕಡೆಯವರು ನೆಲ ನೋಡುತ್ತಿದ್ದರು. ಪಕ್ಕದಲ್ಲಿದ್ದ ಗೆಳೆಯ ಸೈಫುದ್ದೀನ್ ಪಿಸುಗುಟ್ಟಿದ: "ಲೇ, ಕನ್ನಡಿ ಹಿಡದ್ರ ಈ ಮನಷಾ ಮೀಸಿ ತಿರುವಾಕತ್ಯಾನಲ್ಲೋ."

ವಿರೂಪಣ್ಣ ಮುಂದಕ್ಕೆ ಬಾಗಿದ. "ಮಾಸ್ತರ, ಇದು ಜಾಲಹಳ್ಳಿ ದೊಡ್ಡಪ್ಪ ಧಣಿ ಗಿರಣಿ ಹೌದಲ್ಲೋ? ನನಗ ಗೊತ್ತಾತು ಬಿಡು. ಆಂವ ಅಂಥಾಂವನೇ."

ಯಾರೂ ನಗಲಿಲ್ಲ. ಎಲ್ಲರೂ ಮೌನಪ್ಪನನ್ನು ನೋಡಿದರು. ಅಲ್ಲ ಎನ್ನಲು ಒಂದೇ ಮಾತು ಸಾಕಿತ್ತು. ಅದು ಬಾಯಿಯವರೆಗೆ ಬಂದಿತ್ತು ಎಂದು ಅವನು ಆಮೇಲೆ ಸೈಫುದ್ದೀನನಿಗೆ ಹೇಳಿದ.

ಆದರೆ ಆಗ, "ಹೌದ್ರಿ," ಎಂದ.

"ಮತ್ತ ಊರಿನ ಹೆಸರು ಹಾಕಿ ಓದು. ಅಂಜಬ್ಯಾಡ, ನಾ ಅದೀನಿ."

ಮೂರನೇ ಸಲ ಮೌನಪ್ಪ 'ಜಾಲಹಳ್ಳಿಯ ಗಿರಣಿಯಲ್ಲಿ' ಎಂದು ಸೇರಿಸಿ ಓದಿದ. ಚಪ್ಪಾಳೆ ಬಿತ್ತು. ಮುಂದೆ ಕೂತಿದ್ದ ವಿರೂಪಣ್ಣನ ಮಂದಿ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಹೊತ್ತು ಮುಳುಗುವ ಮುಂಚೆ ಅವನು ಮಾನ್ವಿಯಲ್ಲಿದ್ದ. ದುರುಗಮ್ಮ ಅಂಗಳದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಜಾಲಹಳ್ಳಿಯ ಮಾತು ಬಂದಾಗ ಅವಳ ಕೈ ನಿಂತಿತು.

"ಹಂಗಾರ ಕೂಲಿ ಉಳೀತು."

"ಉಳೀತು."

"ಕಥ್ಯಾಗ ಉಡಿ ಝಾಡಸಾಕಿ ಮಾತ್ರ ಈಗ ನಾನಲ್ಲ."

ಮೌನಪ್ಪ ಕಥೆಯ ಹಾಳೆಗಳನ್ನು ಮಡಚಿ ಜೇಬಿಗಿಟ್ಟ.

"ಛಲೋ ಮಾಡಿದಿ," ಎಂದು ದುರುಗಮ್ಮ ರೊಟ್ಟಿ ಬಡಿಯತೊಡಗಿದಳು. "ನನ್ನ ಕಥಿ ಜಾಲಹಳ್ಳಿಯವ್ರಿಗೆ ಕೊಟ್ಟು ಬಂದಿ."