ಬಣ್ಣ ಹೊಡೆಯಬೇಕಾದ ಗೋಡೆ

ಈ ಅಮ್ಮನಿಗೆ ಗೊತ್ತಿದೆಯೋ ಇಲ್ಲವೋ? ಮೊಟೆಗಿ ಕ್ಯಾಮೆರಾ ಚೀಲದ ಜಿಪ್ ಎಳೆದು ಮತ್ತೆ ಮುಚ್ಚಿದ. ಟೋಕಿಯೊದಲ್ಲಿ ಮುಚ್ಚಲಿರುವ ಹಳೆಯ ಸಾರ್ವಜನಿಕ ಸ್ನಾನಗೃಹಗಳ ಫೋಟೊ ತೆಗೆಯುವುದು ಅವನ ಹವ್ಯಾಸ. ಅದು ಕೇರಿಗೆಲ್ಲ ಗೊತ್ತು. ನಿನ್ನೆ ಈ ಸ್ನಾನಗೃಹದ ಯಜಮಾನರಾದ ಗಿಹೇ ಫೋನು ಮಾಡಿ, "ಜಾಗ ಮಾರ್ಬಿಟ್ಟೆ. ಮುಂದಿನ ತಿಂಗಳು ಬಾಗಿಲು ಹಾಕ್ತೀನಿ. ಬಂದು ಫೋಟೊ ತೆಗಿಯಪ್ಪಾ" ಎಂದಿದ್ದರು.

ಗಿರಾಕಿಗಳು ಬರುವ ಮೊದಲು ಗಿಹೇಯವರ ಹೆಂಡತಿ ತ್ಸುನೆಕೊ ಒದ್ದೆ ನೆಲ ಉಜ್ಜುತ್ತಿದ್ದರು. ಚೀಲ ನೋಡಿ ನಕ್ಕರು.

"ಏನಪ್ಪಾ, ನೀನು ಕಾಲಿಟ್ಟ ಕಡೆಯೆಲ್ಲ ಬೀಗ ಬೀಳುತ್ತಂತೆ! ನಮ್ಮಲ್ಲಿಗೂ ಬಂದ್ಯಾ?"

"ಹಾಗೇನಿಲ್ಲಮ್ಮ. ಗೋಡೆ ಮೇಲಿನ ಫ್ಯೂಜಿ ಬೆಟ್ಟದ ಚಿತ್ರ ಚೆನ್ನಾಗಿದೆ ಅಂತ..."

"ಎಲ್ಲಿ ಚೆಂದ? ಬಣ್ಣ ಕಿತ್ತುಹೋಗಿದೆ. ವಸಂತಕ್ಕೆ ಹೊಸದಾಗಿ ಹೊಡಿಸ್ತೀನಿ, ಪೇಂಟರಿಗೆ ಹೇಳಿಟ್ಟಿದ್ದೀನಿ. ನಮ್ಮೋರಿಗೆ ಇನ್ನೂ ಹೇಳಿಲ್ಲ, ಖರ್ಚು ಅಂತ ಗೊಣಗ್ತಾರೆ. ಆಗ ಬಾ."

ಗೋಡೆಯಾಚೆ ಗಿಹೇ ಒಲೆಗೆ ಸೌದೆ ತುಂಬುತ್ತಿದ್ದ ಸದ್ದು ನಿಂತಿತು. ಮೊಟೆಗಿ ಕಾದ. ಯಾರೂ ಬರಲಿಲ್ಲ.

"ಹಾಗಾದ್ರೆ ವಸಂತಕ್ಕೇ ಬರ್ತೀನಮ್ಮ" ಎಂದು ಚೀಲ ಹೆಗಲಿಗೇರಿಸಿದ.

ಅವರ ಗಂಡ ಜಾಗ ಮಾರಿದ್ದಾರೆಂದು ಅವನು ಹೇಳಲೇ ಇಲ್ಲ.