ಮೇಷ್ಟ್ರಿಗೆ ಬಿಟ್ಟುಕೊಡದ ಮಾತು

ತಮ್ಮ ತೀರಿಹೋದ ಸುದ್ದಿ ಬಂದಾಗ ನಾನು ಅಚ್ಚುಕೂಟದಲ್ಲಿ ಸಾಬೂನಿನ ಅಂಗಡಿಯ ದರಪಟ್ಟಿಗೆ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದೆ. ಕಣ್ಣಿಗೆ ಕನ್ನಡಕವಿರಲಿಲ್ಲ; ಕಡ್ಡಿ ಮುರಿದು ರಿಪೇರಿಗೆ ಕೊಟ್ಟು ಮೂರು ದಿನವಾಗಿತ್ತು. ಮೂವತ್ತೆಂಟು ವರ್ಷ ಇದೇ ಕೆಲಸ ಮಾಡಿದವನಿಗೆ ಯಾವ ಅಕ್ಷರ ಯಾವ ಗೂಡಿನಲ್ಲಿದೆ ಎಂಬುದು ಬೆರಳಿಗೇ ಗೊತ್ತು. ಬೆಳಿಗ್ಗೆ ತಮ್ಮ ಅದನ್ನು ನೋಡಿ, "ಅಣ್ಣ, ನೀನು ಹೀಗೇ ಜೋಡಿಸ್ತಿದ್ರೆ ಸಾಬೂನಿನ ಬೆಲೆಗೆ ಆನೆ ಸಿಗುತ್ತೆ" ಎಂದು ನಕ್ಕು ಹೊರಟಿದ್ದ. ಎಲ್ಲಿಗೆ ಎಂದು ಹೇಳಲಿಲ್ಲ. ಮೇಷ್ಟ್ರ ಬೆನ್ನು ಹತ್ತಿದನೆಂದೇ ತಿಳಿದು ನಾನು ಹಲ್ಲು ಕಚ್ಚಿಕೊಂಡೆ.

ಮೇಷ್ಟ್ರೆಂದರೆ ಗಿರಣಿಯ ಕೆಲಸಗಾರರಿಗೆ ಸಂಜೆ ಪಾಠ ಹೇಳುತ್ತಿದ್ದವರು, ಚೌಕದಲ್ಲಿ ಭಾಷಣ ಮಾಡುತ್ತಿದ್ದವರು. ಅಮ್ಮ ತೀರಿಕೊಂಡ ಮೇಲೆ ತಮ್ಮನನ್ನು ಎತ್ತಿ ಆಡಿಸಿದವನು ನಾನು. ಬಾಯಿಗೆ ತುತ್ತು ಇಟ್ಟವಳು ನನ್ನ ಹೆಂಡತಿ. ಎರಡು ವರ್ಷದಿಂದ ಮಾತ್ರ ಅವನಿಗೆ ಕೂತರೂ ನಿಂತರೂ ಮೇಷ್ಟ್ರದ್ದೇ ಜಪ. ನನ್ನ ಮಾತಿಗೆ ಹೂಂ ಅನ್ನಲೂ ಪುರುಸೊತ್ತಿಲ್ಲ. ದೇವರ ಮುಂದೆ ಕಣ್ಣು ಮುಚ್ಚಿದರೂ ಆ ಮನುಷ್ಯನ ಮುಖವೇ ಕಂಡು ನನ್ನ ಹೊಟ್ಟೆ ಉರಿಯುತ್ತಿತ್ತು.

ಅದೇ ಮೇಷ್ಟ್ರು ಮಧ್ಯಾಹ್ನ ಬಾಗಿಲಲ್ಲಿ ನಿಂತರು. ಅಂಗಿಯೆಲ್ಲ ರಕ್ತ. 'ಗಿರಣಿಯ ಗೇಟಿನ ಮುಂದೆ ಸರ್ಕಾರದ ಸಿಪಾಯಿಗಳು ನಮ್ಮ ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು, ಹುಡುಗ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟ' ಎಂದರು. ಮೊದಲು ಅಳು ಬಂತೆಂದರೆ ಸುಳ್ಳಾಗುತ್ತದೆ. ಅವರ ತೊಡೆಯ ಮೇಲೆ ಎಂಬುದೇ ಮೊದಲು ಚುಚ್ಚಿತು.

ಅವರ ಕೈಯಲ್ಲಿ ಕರಪತ್ರದ ಬರಹವಿತ್ತು. ಅದರ ಪ್ರಕಾರ ನನ್ನ ತಮ್ಮ ಬಾವುಟ ಹಿಡಿದು ಮುಂದಿದ್ದನಂತೆ. 'ನಿಲ್ಲಬೇಡಿ, ಮುಂದೆ ನಡೆಯಿರಿ' ಎನ್ನುತ್ತ ಸತ್ತನಂತೆ. ಚೌಕದಲ್ಲಿ ಸಾವಿರಾರು ಜನ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಾರೆ, ಇದು ಬೇಗ ಅಚ್ಚಾಗಬೇಕು ಎಂದರು.

"ನಿಜ ಹೇಳಿ ಮೇಷ್ಟ್ರೇ. ಅವನು ಏನಂದ?"

ಅವರು ಕಾಗದದ ಕಟ್ಟಿನ ಮೇಲೆ ಕುಸಿದು ಕೂತು ಜೇಬಿನಿಂದ ನನ್ನ ಕನ್ನಡಕ ತೆಗೆದರು. ಒಂದು ಗಾಜು ಸೀಳಿತ್ತು.

"ಅವನು ನಮ್ಮ ಜೊತೆ ಬಂದೇ ಇರ್ಲಿಲ್ಲ, ಯಜಮಾನ್ರೇ. ಗೇಟಿನ ಎದುರಿನ ಅಂಗಡಿಯಿಂದ ಇದನ್ನ ತಗೊಂಡು ಬರ್ತಿದ್ದ. 'ಅಣ್ಣಂಗೆ ಕೊಡಿ, ಬೈಕೊಂಡು ಕೂತಿರ್ತಾನೆ' ಅಂದ. ಅಷ್ಟೇ."

ನಾನು ಕನ್ನಡಕ ಈಸಿಕೊಂಡೆ. ಅವರೇ ಮೆಲ್ಲಗೆ ಮುಂದುವರಿಸಿದರು: "ಅವನು ನಿಮ್ಮವನು. ನೀವು ಹೂಂ ಅಂದ್ರೆ ಇದನ್ನೇ ಬರೀತೀನಿ. ಆದ್ರೆ ಕನ್ನಡಕ ತರೋಕೆ ಹೋದವನಿಗಾಗಿ ಜನ ಅಳ್ತಾರೆ, ಆಮೇಲೆ ಮನೆಗೆ ಹೋಗ್ತಾರೆ."

ಮನೆಗೆ ಹೋಗುತ್ತಾರೆ ಎಂದದ್ದು ನನಗೆ ಸರಿಯಾಗಿಯೇ ಕೇಳಿಸಿತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಬೇರೆ. ಇವರು ವೇದಿಕೆ ಹತ್ತಿ ಕಂಚಿನ ಕಂಠದಲ್ಲಿ 'ಅಣ್ಣಂಗೆ ಕೊಡಿ' ಎನ್ನುತ್ತಾರೆ. ಊರಿಗೆ ಊರೇ ಕಣ್ಣೊರೆಸಿಕೊಳ್ಳುತ್ತದೆ. ಅವನು ಎಲ್ಲರ ತಮ್ಮನಾಗುತ್ತಾನೆ. ಎರಡು ವರ್ಷದಲ್ಲಿ ನನ್ನನ್ನು ನೆನೆದು ಅವನು ಆಡಿದ ಮಾತು ಅದೊಂದು.

"ಅದು ನನ್ನದು. ಯಾರಿಗೂ ಹೇಳಬೇಡಿ. ನಿಮ್ಮ ಕಾಗದ ಕೊಡಿ" ಎಂದೆ.

ಸೀಳಿದ ಕನ್ನಡಕ ಹಾಕಿಕೊಂಡು, ನಮ್ಮಲ್ಲಿದ್ದ ಅತಿ ದೊಡ್ಡ ಮೊಳೆಗಳಲ್ಲಿ ಆ ಸುಳ್ಳನ್ನು ಒಂದು ತಪ್ಪೂ ಇಲ್ಲದೆ ಜೋಡಿಸಿದೆ.

ಸಂಜೆಯೊಳಗೆ ಜನ ಸರ್ಕಾರದ ಕಚೇರಿಗಳಿಗೆ ನುಗ್ಗಿದರು. ಐದನೆಯ ದಿನ ಸರ್ಕಾರ ಬಿತ್ತು. ಅಷ್ಟರಲ್ಲಿ ಇನ್ನೂ ಹದಿನೇಳು ಮಂದಿ ಸತ್ತಿದ್ದರು. ಆ ಹೆಸರುಗಳಿಗೂ ಮೊಳೆ ಜೋಡಿಸಿದವನು ನಾನೇ. ಅವರಲ್ಲೊಬ್ಬನ ತಾಯಿ ಅಚ್ಚುಕೂಟಕ್ಕೆ ಬಂದು, "ನಿಮ್ಮ ತಮ್ಮ ಮುಂದೆ ನಡೀರಿ ಅಂದ್ನಂತೆ. ನನ್ನ ಮಗ ನಡೆದ" ಎಂದಳು. ಅವಳಿಗೆ ಕೂರಲು ಸ್ಟೂಲು ಕೊಟ್ಟೆ. ನಿಜ ಕೊಡಲಿಲ್ಲ.

ಮೇಷ್ಟ್ರು ಈಗ ಮಂತ್ರಿ. ಮಾತಿಗೆ ತಪ್ಪಲಿಲ್ಲ, ಇಂದಿಗೂ ಅದನ್ನು ಯಾರಿಗೂ ಹೇಳಿಲ್ಲ. ಆದರೂ ವರ್ಷಕ್ಕೊಮ್ಮೆ ಚೌಕದಲ್ಲಿ ಅವರು "ನನ್ನ ತಮ್ಮ" ಎಂದಾಗ ನನ್ನ ಹೊಟ್ಟೆ ಮೊದಲಿನಂತೆಯೇ ಉರಿಯುತ್ತದೆ.

ದೇವರೇ, ನನ್ನ ಹೊಟ್ಟೆಕಿಚ್ಚಿಗೆ ಬಲಿಯಾದ ಆ ಹದಿನೇಳು ಮಂದಿಯನ್ನು ನಿನ್ನ ಬಳಿ ಇರಿಸಿಕೋ. ನನ್ನ ತಮ್ಮನಿಗೆ ಶಾಂತಿ ಕೊಡು. ಕನ್ನಡಕ ತಲುಪಿತೆಂದು ಅವನಿಗೆ ಹೇಳು. ಅಣ್ಣ ಬೈಯುತ್ತಿಲ್ಲವೆಂದು ಹೇಳು.