ಶಾಂತಮೂರ್ತಿ ಮೇಷ್ಟ್ರ ಹುಲಿ

ಮುಳ್ಳೂರಿನ ಸುವರ್ಣಮ್ಮನಿಗೆ ಸತ್ತ ಗಂಡನ ಮೇಲೆ ಇದ್ದದ್ದು ಒಂದೇ ಸಿಟ್ಟು. ಡ್ರಾಯಿಂಗ್ ಮೇಷ್ಟ್ರು ಶಾಂತಮೂರ್ತಿ ಬೆಟ್ಟ ಬರೆದರು, ಹಳ್ಳ ಬರೆದರು, ಕಂಡವರ ಎಮ್ಮೆಯನ್ನೂ ಬರೆದರು. ಕಟ್ಟಿಕೊಂಡವಳನ್ನು ಮಾತ್ರ ಒಂದು ಗೆರೆಯಲ್ಲೂ ಬರೆಯಲಿಲ್ಲ. ಕೇಳಿದರೆ ಮೀಸೆಯಡಿ ನಗುತ್ತಿದ್ದರು, ಅಷ್ಟೆ. ಮೂಗನ ಜೊತೆ ಸಂಸಾರ ಮಾಡಿದಂಗಾಯ್ತು ಎಂದು ಆಕೆ ಅವರು ಸತ್ತ ಮೇಲೂ ಗೊಣಗುತ್ತಿದ್ದಳು.

ಹಾಗಂತ ಅವರ ಒಂದು ಚಿತ್ರಕ್ಕೆ ಮಾತ್ರ ತಪ್ಪದೆ ಕೈಮುಗಿಯುತ್ತಿದ್ದಳು. ಅದರಲ್ಲಿ ಬೆಟ್ಟ, ಹಳ್ಳ, ಒಂಟಿ ಮರ, ಮರದಡಿ ಒಂದು ಹುಲಿ. ಈ ಸೀಮೆಯಲ್ಲಿ ಹುಲಿ ಕಂಡರೆ ಅದು ಮಾದಪ್ಪನ ವಾಹನವೇ, ಬೇರೆ ಮಾತಿಲ್ಲ. ನಲವತ್ತು ವರ್ಷ ಸೋಮವಾರ ಸೋಮವಾರ ಧೂಪ ಹಾಕಿ, ಗಾಜಿಗೆ ವಿಭೂತಿ ಬಳಿದು, ಹುಲಿಯ ಮೂತಿಯೇ ಕಾಣದಂತಾಗಿತ್ತು.

ಮೈಸೂರಿನಲ್ಲಿ ಚಿತ್ರಕಲೆ ಓದುವ ಮೊಮ್ಮಗಳು ನಾಗಶ್ರೀ, ತಾತನ ಚಿತ್ರಗಳನ್ನು ಕಾಲೇಜಿನ ಪ್ರದರ್ಶನಕ್ಕೆ ಒಯ್ಯಲು ಬಂದಳು. ಗಾಜು ಒರೆಸಲು ಚೌಕಟ್ಟು ಬಿಚ್ಚಿದರೆ ಹಾಳೆಯ ಬೆನ್ನಿಗೆ ತಾತನ ದುಂಡಕ್ಷರ! ಓದಿದವಳು ಬಿದ್ದು ಬಿದ್ದು ನಕ್ಕಳು.

“ಅಜ್ಜಿ, ಬೆಟ್ಟ ಅಂದ್ರೆ ತಾತನ ಅಪ್ಪ ಅಂತೆ. ಹಳ್ಳ ಅಂದ್ರೆ ಅವ್ವ. ಮರ ತಾತನೇ. ಹುಲಿ ಅಂದ್ರೆ ಸುವರ್ಣ!”

“ಏನಂದೆ? ನಾ ಉಲಿಯಾ? ಅಯ್ಯೋ ಮಾದಪ್ಪಾ, ಇಷ್ಟ್ ವರ್ಸ ನಂಗೆ ನಾನೇ ದೂಪ ಆಕ್ಕಂಡು ಕೈಮುಗುದ್ನಾ! ಆ ಮನ್ಸ ನೋಡ್ಕಂಡು ಸುಮ್ಕಿದ್ನಲ್ಲ!”

ಬೈಯುತ್ತಲೇ ಟ್ರಂಕಿನಲ್ಲಿದ್ದ ಚಿತ್ರಗಳನ್ನೆಲ್ಲ ಹರವಿಕೊಂಡು ಕೂತಳು. ಮಾರ್ಟಳ್ಳಿಯ ಬಂಡೆಯಾಗಲಿ, ಕಾವೇರಿ ದಂಡೆಯಾಗಲಿ, ಮರವಿದ್ದಲ್ಲಿ ಹುಲಿ. ಒಂದರಲ್ಲಿ ಮರಕ್ಕೆ ಬೆನ್ನು ತಿರುಗಿಸಿ ಕೂತಿತ್ತು, ಇನ್ನೊಂದರಲ್ಲಿ ಬಾಯಿ ತೆರೆದಿತ್ತು. “ನಾ ಯಾವತ್ತು ಇಂಗ್ ಬಾಯ್ ಮಾಡಿದ್ದೆ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಒಳಗೊಳಗೇ ಹಿಗ್ಗು ಹಿಡಿಸಲಾರದಷ್ಟಿತ್ತು.

ಕೊನೆಯ ಚಿತ್ರದಲ್ಲಿ ಹುಲಿ ಇರಲಿಲ್ಲ. ಮರದಲ್ಲಿ ಒಂದು ಎಲೆಯೂ ಇರಲಿಲ್ಲ. ಕೆಳಗಿನ ತಾರೀಖಿನ ಮೇಲೆ ಸುವರ್ಣಮ್ಮ ಬೆರಳಿಟ್ಟಳು. ಆಕೆ ಮುನಿಸಿಕೊಂಡು ಯಳಂದೂರಿನ ತವರಿನಲ್ಲಿ ಮೂರು ತಿಂಗಳು ಕೂತ ವರ್ಷ ಅದು. ಕರೆಯಲು ಬಂದ ಮೇಷ್ಟ್ರು “ಬಸ್ಸಿಗೆ ಹೊತ್ತಾಯ್ತು” ಅಂದದ್ದು ಬಿಟ್ಟರೆ ಇನ್ನೊಂದು ಮಾತಾಡಿರಲಿಲ್ಲ. ಆಕೆಯ ಕಣ್ಣು ತುಂಬಿತು, ಜೊತೆಗೇ ನಗುವೂ ಬಂತು.

ನಾಗಶ್ರೀ ಆ ಹಾಳೆಗೂ ಕೈಚಾಚಿದಾಗ ಸುವರ್ಣಮ್ಮ ಅದನ್ನು ಎದೆಗವಚಿಕೊಂಡಳು.

“ಮಿಕ್ಕಿದ್ದೆಲ್ಲಾ ತಕಂಡೋಗು ಕಣವ್ವ. ಇದ್ನ ಕೊಡಕಿಲ್ಲ. ಇದು ನಂಗ್ ಬರ್ದಿರೋ ಕಾಗ್ದ.”